ದೇವರ ಜಗಲಿಯ ಮೇಲೆ ಮೇಣದ ಬಿಲ್ಲೆ

ನಾನೊಂದು ಮೇಣದ ಬಿಲ್ಲೆ. ಬತ್ತಿ ಸುತ್ತಿಕೊಂಡು ಉರಿಯುವ ಜಾತಿಯವನಲ್ಲ. ಗದಗಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಹುಟ್ಟಿದವನು. ಕಾದ ಮೇಣವನ್ನು ಅಚ್ಚಿಗೆ ಸುರಿದಾಗಲೇ ನನ್ನ ಹೊಟ್ಟೆಯಲ್ಲಿ ಕಡಲೆಬೇಳೆಯಷ್ಟು ಮಾಂಸವಿತ್ತು. ಖಾನಾವಳಿ ನಡೆಸುವ ಸಾವಂತ್ರವ್ವನ ಬಲತೋಳಿನಿಂದ ಪರೀಕ್ಷೆಗೆಂದು ತೆಗೆದದ್ದು ಅದು.

ದಿನಕ್ಕೆ ಇನ್ನೂರು ರೊಟ್ಟಿ ಬಡಿಯುತ್ತಿದ್ದ ಆ ತೋಳು ತಲೆ ಬಾಚಿಕೊಳ್ಳಲೂ ಮೇಲೇಳದಾಗಿತ್ತು. ರೆಪ್ಪೆಗಳ ಮೇಲೆ ನೇರಳೆ ಬಣ್ಣ, ಬೆರಳ ಗೆಣ್ಣುಗಳ ಮೇಲೆ ಕೆಂಪು ದದ್ದು. ದೇಹವೇ ತನ್ನ ಸ್ನಾಯು, ಚರ್ಮಗಳ ಮೇಲೆ ತಿರುಗಿ ಬೀಳುವ ಕಾಯಿಲೆ ಎಂದರು. ನನ್ನನ್ನು ತೆಳ್ಳಗೆ ಹೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದವರೂ ಅದನ್ನೇ ಬರೆದರು. ಗುಳಿಗೆ ನುಂಗಿದರೂ ಜ್ವರ ಬಿಡಲಿಲ್ಲ, ಮೈ ಇಳಿಯುತ್ತಲೇ ಹೋಯಿತು. ಹುಬ್ಬಳ್ಳಿಯ ಡಾಕ್ಟರಿಗೆ ಗುಮಾನಿ ಬಂತು. ಈ ಕಾಯಿಲೆಯ ಜೊತೆಗೆ ಅಪರೂಪಕ್ಕೊಮ್ಮೆ ಲಿಂಫೋಮಾ ಎಂಬ ಕ್ಯಾನ್ಸರೂ ಅಡಗಿರುತ್ತದೆ, ಆ ಬಿಲ್ಲೆ ಬೇಗ ತನ್ನಿ ಎಂದರು. ಇನ್ನೊಮ್ಮೆ ಮಾಂಸ ತೆಗೆಸಿಕೊಳ್ಳುವ ತ್ರಾಣ ಅವಳಲ್ಲಿರಲಿಲ್ಲ. ಇದ್ದದ್ದು ನಾನೊಬ್ಬನೇ.

ಕೆಲಸ ಮುಗಿದ ಮೇಲೆ ವಾಪಸು ಕೊಡುತ್ತೇನೆಂದು ಲ್ಯಾಬಿನಲ್ಲಿ ಬರೆದುಕೊಟ್ಟು, ಗಂಡ ವೀರಭದ್ರ ನನ್ನನ್ನು ಮನೆಗೆ ತಂದ. ಆ ಮನೆಯಲ್ಲಿ ಮುಖ್ಯವಾದ ಯಾವ ಕಾಗದವೂ ದೇವರ ಜಗಲಿ ಏರದೆ ಹೊರಗೆ ಹೋಗುವುದಿಲ್ಲ. ಅತ್ತೆ ಗಂಗವ್ವ ನನ್ನನ್ನೂ ಅಲ್ಲೇ, ಉರಿಯುವ ಹಣತೆಗೆ ತಾಗಿಸಿ ಇಟ್ಟು ಕಣ್ಣು ಮುಚ್ಚಿದಳು. ಭಕ್ತಿಗೇನು ಕಡಿಮೆಯಿರಲಿಲ್ಲ, ನನ್ನ ಪ್ರಾಣ ಹೋಗುತ್ತಿತ್ತು ಅಷ್ಟೆ. ಒಂದು ಮೂಲೆ ಬೆವರಿ ಹರಿಯತೊಡಗಿತು. ಮಾಂಸದ ಅಂಚು ಹೊರಗೆ ಇಣುಕಿತು. ಕೂಗಲು ನನಗೆ ಬಾಯಿಲ್ಲ.

ಗೋಡೆ ಹಿಡಿದು ಬಂದ ಸಾವಂತ್ರವ್ವ ನೋಡಿದಳು. ಕೈ ಚಾಚಲು ಹೋದಳು, ತೋಳು ಏಳಲಿಲ್ಲ.

"ಅತ್ತಿ, ದೀಪ ಸರಸ್ರಿ. ಅದರಾಗ ನನ್ನ ತೋಳಿನ ಮಾಂಸ ಐತ್ರಿ."

ಗಂಗವ್ವನ ಮುಖ ಕಪ್ಪಿಟ್ಟಿತು. ಲಿಂಗದ ಮುಂದೆ ಮಾಂಸ! ಆ ಮನೆಯೊಳಗೆ ಮೊಟ್ಟೆಯೂ ಬಂದದ್ದಿಲ್ಲ. ಎಸೆದೇಬಿಡುತ್ತಾಳೆ ಎಂದುಕೊಂಡೆ. ಅವಳು ಕರಗುವ ಮೇಣವನ್ನು ಬರಿಗೈಯಲ್ಲೇ ಎತ್ತಿ, ನೀರಿನ ಕೊಡದ ತಣ್ಣನೆಯ ಮೈಗೆ ಒತ್ತಿ ಹಿಡಿದಳು.

"ನನ್ನ ಸೊಸಿ ಮೈಯಿಂದ ಬಂದದ್ದು ಮೈಲಿಗಿ ಆಗಂಗಿಲ್ಲ," ಎಂದಳು.

ಹುಬ್ಬಳ್ಳಿಯಲ್ಲಿ ಹಳೆಯ ಮೇಣ ತೆಗೆದು ಹೊಸದು ಸುರಿದರು. ಮತ್ತೆ ಹೆರೆದು, ಬೇರೆ ಬಣ್ಣ ಹಾಕಿ ನೋಡಿದಾಗ, ಬರೀ ಉರಿಯೂತವೆಂದು ಬರೆದಿದ್ದ ಕಡೆಯಲ್ಲೇ ಕ್ಯಾನ್ಸರ್ ಸಿಕ್ಕಿಬಿತ್ತು. ಔಷಧ ಬದಲಾಯಿತು. ನನ್ನನ್ನು ಕವರಿಗೆ ಹಾಕಿಟ್ಟರು. ಅವಳು ಇದ್ದಾಳೋ ಇಲ್ಲವೋ ತಿಳಿಯದೆ ಏಳು ತಿಂಗಳು ಕತ್ತಲಲ್ಲಿ ಕಳೆದೆ.

ಕವರು ಬಿಚ್ಚಿದ್ದು ಗದಗಿನ ಲ್ಯಾಬಿನಲ್ಲೇ. ಬಿಲ್ಲೆ ಕೊಟ್ಟು ಪಡೆಯುವ ಅಲ್ಲಿಯ ಕಿಟಕಿ ಎದೆಗಿಂತ ಎತ್ತರ. ಬೋಳಾದ ತಲೆಗೆ ಸೆರಗು ಹೊದ್ದ ಹೆಂಗಸೊಬ್ಬಳು ನನ್ನನ್ನು ವಾಪಸು ಕೊಡಲು ಬಂದಿದ್ದಳು. ತಾನು ಕೊಡುತ್ತೇನೆಂದು ಗಂಡ ಕೈ ಮುಂದೆ ಮಾಡಿದರೂ ಅವಳು ನನ್ನನ್ನು ಅವನಿಗೆ ಕೊಡಲಿಲ್ಲ.

ಈಗ ನಾನು ಕಪಾಟಿನ ಮೂಲೆಯಲ್ಲಿರುವ ಮುದುಕ. ನನ್ನೊಳಗಿನ ಚೂರು ಇನ್ನೆಂದೂ ಅಲುಗುವುದಿಲ್ಲ. ಆದರೆ ಆ ದಿನ ನನ್ನನ್ನು ಕಿಟಕಿಯವರೆಗೆ ಎತ್ತಿದ್ದು, ನಡುಗುತ್ತಲೇ ಎತ್ತಿದ್ದು, ಸಾವಂತ್ರವ್ವನ ಅದೇ ಬಲತೋಳು.