ಹದಿನಾಲ್ಕು ಮಶೀನಿನ ಮ್ಯಾಲಿನ ಚಿತ್ರ

ಮತ್ತ ಆ ಬಿಳೇ ಚೌಕ ಎದ್ದಿತು ನೋಡು, ಮೂರನೇ ಕಂಪ್ಯೂಟರ್ ಮಶೀನಿನ್ಯಾಗ, ಈಗ ಐದರಾಗ, ಈಗ ಒಂಬತ್ತರಾಗ, ಹೊಲದಾಗಿನ ಕೊಕ್ಕರಿ ಎದ್ದಂಗ ಒಂದರ ಹಿಂದ ಒಂದು, ಸಾಫ್ಟವೇರು ಸಿಗವಲ್ದು ಅಂತ ಇಂಗ್ಲಿಷಿನ್ಯಾಗ ಹೇಳಾಕತ್ತಾವ, ಹ್ಯಾಂಗ ಸಿಗಬೇಕು, ಇದ್ರ ಸಿಗತೈತಿ — ನಾನು ಬಾಗಲ ಬಾಜೂಕ ಸ್ಟೂಲಿನ ಮ್ಯಾಲ ಕುಂತೇನಿ, ಲ್ಯಾಬ್ ಅಸಿಸ್ಟಂಟ್ ವಿಜಯಶ್ರೀ, ಧೂಳ ಒರಸೋದು ಹಾಜರಿ ಪುಸ್ತಕ ಹಿಡಿಯೋದು ಇಷ್ಟ ನಿನ್ನ ಕೆಲಸವ್ವಾ ಅಂತ ಮಹೇಶಕುಮಾರ ಸರ್ ತೋರಿಸಿದ ಜಾಗ, ಅಲ್ಲೇ ಕುಂತು ನೋಡಾಕತ್ತೇನಿ, ಸರ್ ಇವತ್ತ ಟೈ ಕಟ್ಯಾರ, ಆಳಂದದ ಈ ಬಿಸಲಾಗ ಟೈ, ಪರೀಕ್ಷಾ ತಗೊಳ್ಳಾಕ ಅಫಜಲಪುರದಿಂದ ಹಣಮಂತ್ರಾಯ ಸರ್ ಬಂದಾರ ಅಂತ, ಕುತಿಗಿ ಬೆವತು ಟೈ ಹಸಿ ಆಗೈತಿ, ಆಗಲಿ. ಕಲಬುರ್ಗಿಯೊಳಗ ಮೂರು ದಿನದ ಟ್ರೇನಿಂಗ್ ಮುಗಿಸಿ ಬಂದಾಗಿಂದ ಈ ಮನುಷ್ಯಾಗ ನೆಲ ಕಾಣವಲ್ದು, ಆ ದೊಡ್ಡ ಸಾಫ್ಟವೇರು ತಂದ, ಅರ್ಧ ಅಕ್ಷರ ಹೊಡದ್ರ ಉಳಿದರ್ಧ ತಾನೇ ಬರೀತೈತಿ, ತಪ್ಪಿದ್ರ ಕೆಂಪು ಗೆರಿ ಎಳೀತೈತಿ, ಹಸರು ಬಟನ್ ಒತ್ತಿದ್ರ ಪ್ರೋಗ್ರಾಮು ಓಡತೈತಿ, ಆಹಾ, ತಾಟಿನ್ಯಾಗ ಕಲಸಿ ತುತ್ತು ಮಾಡಿ ಬಾಯಾಗ ಇಟ್ಟಂಗ, ಇನ್ನ ಮ್ಯಾಲ ಹುಕುಂ ಕೈಲೆ ಟೈಪ್ ಮಾಡೋ ಆ ಕರೇ ಪರದೆ ಯಾರೂ ತೆಗೀಬಾರದು, ಅದು ಹಳೇ ಮಂದೀದು ಅಂದ, ಅನ್ನೋವಾಗ ನನ್ನ ಕಡಿ ನೋಡಿದ, ಆರು ತಿಂಗಳು ಹುಡುಗೂರಿಗೆ ಪ್ರೊಜೆಕ್ಟರಿಲೆ ಗೋಡಿ ಮ್ಯಾಲ ಹಸರು ಬಟನ್ ತೋರಿಸಿದ, ಸರತಿ ಮ್ಯಾಲ ಒಬ್ಬೊಬ್ಬರು ಅವನ ಒಂದ ಮಶೀನಿನ್ಯಾಗ ಒತ್ತಿ ಬಂದ್ರು, ಬಸ್ಟ್ಯಾಂಡಿನ್ಯಾಗ ತೂಕದ ಮಶೀನು ಹತ್ತಿ ಇಳದಂಗ.

ಹಳೇ ಮಂದಿ ಅಂತ, ಹೌದಪಾ, ನಾನು ಹಳೇ ಮಂದಿ, ಬಸ್ಟ್ಯಾಂಡ್ ಮುಂದಿನ ಸಲಾವುದ್ದೀನ ಭಾಯಿಯ ಝೆರಾಕ್ಸ್ ಅಂಗಡ್ಯಾಗ ಕಲ್ತಾಕಿ, ಗಿರಾಕಿ ಇಲ್ಲದಾಗ ಒಂದು ಮಶೀನು ಬಿಟ್ಟುಕೊಡತಿದ್ದರು, ಪ್ರೋಗ್ರಾಮು ಬರಿಯೋ ಜಾವಾ ಭಾಷಾದ ಕಿಟ್ಟು ಹಾಕೇನಿ, ಜೆಡಿಕೆ, ನಾವು ಬರದದ್ದು ಮಶೀನಿಗೆ ತಿಳಿಯೋಹಂಗ ಮಾಡೋ ಸಾಮಾನೆಲ್ಲ ಅದರಾಗ ಐತಿ, ಆದ್ರ ಕರೇ ಪರದೆದಾಗ ಜಾವಾಸಿ ಅಂತ ಅದರ ಹುಕುಂ ಹೊಡದ್ರ ಇಂಥಾದ್ದು ನನಗ ಗೊತ್ತಿಲ್ಲ ಅಂತೈತಿ, ನಾಕು ದಿನ ಅತ್ತೇನಿ, ಖರೇನ ಅತ್ತೇನಿ, ಸಲಾವುದ್ದೀನ ಭಾಯಿಗೆ ಜಾವಾ ಗೀವಾ ಏನೂ ಗೊತ್ತಿಲ್ಲ, ಝೆರಾಕ್ಸ್ ಹಾಳಿ ತಿರವುತ್ತ ಅಂದ್ರು, ಬೇಟಿ, ಅದರ ಮನಿ ಎಲ್ಲೈತಂತ ನೀ ಹೇಳೀಯೇನು, ದಾರಿ ಹೇಳದಿದ್ರ ಹ್ಯಾಂಗ ಹೋಗತೈತಿ ಬಡಪಾಯಿ — ಪಾಥ್! ಕಿಟ್ಟು ಎಲ್ಲೈತಂತ ಮಶೀನಿಗೆ ಹೇಳೋ ಸಾಲು, ಅವತ್ತ ಆ ಪಾಥ್ ಬರದೇನಿ, ಓಡಿತು, ಅಂಗಡ್ಯಾಗ ಇದ್ದವರಿಗೆಲ್ಲಾ ಚಾ ಹೇಳಿದ್ರು ಭಾಯಿ. ಅಂಥಾ ಕಿಟ್ಟು ದಸರಾ ಸೂಟಿಯಾಗ ಈ ಹದಿನಾಲ್ಕೂ ಮಶೀನಿಗೆ ನಾನ ಹಾಕೇನಿ, ದಾರಿ ಬರದೇನಿ, ಯಾರೂ ಹಾಕಂದಿದ್ದಿಲ್ಲ, ಈಗೂ ಒಳಗ ಐತಿ, ಸುಮ್ನ ಕುಂತೈತಿ, ನನ್ನಂಗ.

ಈ ಮನುಷ್ಯ ನಿನ್ನೆ ಮಾಡಿದ್ದೇನು, ಆ ದೊಡ್ಡ ಸಾಫ್ಟವೇರಿನ ಚಿತ್ರ ಇರತೈತಲ್ಲ ಪರದೆ ಮ್ಯಾಲ, ಮೂಲ್ಯಾಗ ಸಣ್ಣ ಬಾಗಿದ ಬಾಣ ಇರೋದು, ಬರೇ ಶಾರ್ಟಕಟ್ಟು, ಅದನ್ನ ಪೆನ್‌ಡ್ರೈವಿಗೆ ಎಳಕೊಂಡ, ಹದಿನಾಲ್ಕು ಮಶೀನಿಗೆ ಹಚ್ಚಿದ, ಮುಗೀತು, ಹತ್ತು ನಿಮಿಷ, ಎರಡು ದಿನ ಹಿಡೀತೈತಿ ಅಂದಿದ್ದಿ ನೋಡವ್ವಾ ವಿಜಯಶ್ರೀ ಅಂದ, ಮನಿ ಅಲ್ಲೇ ಬಿಟ್ಟು ಬಾಗಲ ಮ್ಯಾಲಿನ ಹೆಸರಿನ ಹಲಗಿ ಕಿತಗೊಂಡು ಬಂದ, ಮಶೀನುಗಳಿಗೆ ಮೂರು ಬೆರಳಿಲೆ ಇಭೂತಿ ಬ್ಯಾರೆ ಎಳದ, ಒಂದೊಂದಕ್ಕೂ, ಬಾಗಲದಾಗ ಕಾಯಿ ಒಡದ, ಸರ್ ಒಮ್ಮೆ ತೆಗದು ನೋಡೂಣ್ರಿ ಅಂತ ಪರೀಕ್ಷಾಕ್ಕ ಕುಂದರೋ ಹುಡುಗಿ ಫಕ್ರುನ್ನಿಸಾ ಅಂದ್ರ, ಪೂಜಾ ಆದ ಮಶೀನು ಮರುದಿನದ ತನಕ ಮುಟ್ಟಬಾರದು ತಂಗಿ, ನಮ್ಮಪ್ಪ ಪೂಜಾ ಮಾಡಿದ ಬಿತ್ತೋ ಕೂರಗಿ ಸೈತ ಮುಟ್ಟತಿದ್ದಿಲ್ಲ ಅಂತ ಕೀಲಿ ಹಾಕಿದ — ನಾನು ಆ ಬಾಣ ನೋಡಿದೆ, ನಕ್ಕೆ, ಯಾಕ ನಗತೀರಿ ಅಕ್ಕಾ ಅಂದಳು ಫಕ್ರುನ್ನಿಸಾ, ಏನಿಲ್ಲವಾ ಅಂದೆ, ಕೊಬ್ಬರಿ ಬಾಯಾಗ ಹಾಕ್ಕೊಂಡೆ, ನಾಳೆ ಅಫಜಲಪುರದವರ ಮುಂದ ಬಿಚ್ಚಲಿ ಇವನ ಶ್ಯಾಣೇತನ ಅಂತ ಮನಿಗೆ ಹ್ವಾದೆ, ಹಾದ್ಯಾಗೆಲ್ಲ ನಗು.

ಬಿಚ್ಚಿತು. ನೋಡು, ಎಷ್ಟು ಚಂದ ಬಿಚ್ಚಿತು, ಹಣಮಂತ್ರಾಯ ಸರ್ ಚಷ್ಮಾ ತೆಗದು ಇಪ್ಪತ್ತು ನಿಮಿಷ ಕಾಯತೇನಿ, ಆಮ್ಯಾಲ ಎಲ್ಲರಿಗೂ ಸೊನ್ನಿ ಬರದು ಬಸ್ ಹತ್ತತೇನಿ ಅಂದ್ರು, ನಮ್ಮ ಸರ್ ನನ್ನ ಕಡಿ ಬೆರಳು ಮಾಡಿ, ಈ ಲ್ಯಾಬಿನಾಕಿ ಏನರೆ ಕಿತಾಪತಿ ಮಾಡಿರಬೇಕ್ರಿ, ಆಕೀಗೆ ಹಳೇದರ ಮ್ಯಾಲ ಪ್ರೀತಿ — ಅನ್ನು, ಇನ್ನೂ ಅನ್ನು, ನಾನು ಬಾಯಿ ಬಿಡಂಗಿಲ್ಲ, ನೋಟ್‌ಪ್ಯಾಡಿನ್ಯಾಗ ಬರೀರಿ, ಕರೇ ಪರದೆದಾಗ ಜಾವಾಸಿ ಅಂತ ಹೊಡೀರಿ, ಇಷ್ಟ ಹೇಳಿದ್ರ ಸಾಕು, ಎಲ್ಲಾ ಓಡತಾವ, ಓಡಿದ್ರ ಇವನ ಮಾನ ಉಳೀತೈತಿ, ನಾನ ಕಲಿಸೇನ್ರಿ ಅಂತಾನ, ಗೊತ್ತಿಲ್ಲೇನು ನನಗ — ನಾಕನೇ ಮಶೀನಿನ್ಯಾಗ ಕೈ ಎದ್ದಿತು, ಫಕ್ರುನ್ನಿಸಾನ ಕೈ, ನಮ್ಮ ಸರ್ ಕಣ್ಣಿಲೆ ಇಳಸು ಅಂದ್ರು, ಇಳಸಿದಳು, ಹೋದ ವರ್ಷ ಟೈಫಾಯ್ಡ್ ಆಗಿ ತಪ್ಪಿದ್ದು ಇದೊಂದ ಪರೀಕ್ಷಾ, ಇದಾದ್ರ ಡಿಗ್ರಿ, ಎಂಸಿಎ ಫಾರ್ಮು ತುಂಬಿ ಸೂಟಕೇಸಿನ್ಯಾಗ ಇಟ್ಟೇನಿ ಅಕ್ಕಾ ಅಂದಿದ್ದಳು, ಸರಸಂಬಾದಿಂದ ಆರೂವರೆ ಬಸ್ಸಿಗೆ ಬರತಾಳ, ಇವನ ಸಲುವಾಗಿ ಇವಳ್ಯಾಕ ಫೇಲಾಗಬೇಕು, ಆದ್ರ ಈಗ ಹೇಳಿದ್ರ ನಿನ್ನೇನ ಗೊತ್ತಿತ್ತೇನು ಅಂತ ಕೇಳತಾರ, ಗೊತ್ತಿದ್ದು ಸುಮ್ಮಕಿದ್ದೀಯೇನು, ಇಪ್ಪತ್ತು ನಿಮಿಷದಾಗ ಎಂಟು ಹೋದವು — ಮತ್ತ ಕೈ ಎದ್ದಿತು, ಕುಂದರು ಅಂದ್ರು ನಮ್ಮ ಸರ್, ಕುಂದರಲಿಲ್ಲ, ಎದ್ದು ನಿಂತಳು, ಅವರ ಕಡಿ ನೋಡದ ನನ್ನ ಕಡಿ ತಿರುಗಿ, ಅಕ್ಕಾ, ನಿನ್ನೆ ನೀವು ಇದನ್ನ ನೋಡಿ ನಕ್ಕಿದ್ರಿ, ಯಾಕ ನಕ್ಕಿದ್ರಿ ಈಗ ಹೇಳ್ರಿ — ಎಲ್ಲಾ ಮುಖ ನನ್ನ ಕಡಿ ತಿರುಗಿದವು, ಸರ್ ಟೈ ಹಿಡಕೊಂಡು ನಿಂತಾನ, ಆ ಕೈ ಇಳಸವಲ್ಲಳು, ಮೌಸು ಒತ್ತಿ ಒತ್ತಿ ತೋರಬೆರಳಿನ ತುದಿ ಕೆಂಪಾಗೈತಿ, ಆ ಕೈ, ಇನ್ನೂ ಮ್ಯಾಲ, ಆ ಕೈ