ಖಾರದ ಗಡಿಗೆ

ಐದು ಬೆರಳು, ಕೆಂಪಗೆ, ಖಾರದ ಗಡಿಗೆಯ ಬಾಯಿಗೆ ಕಟ್ಟಿದ ಬಿಳಿ ಅರಿವೆಯ ಮೇಲೆ ಯಾರೋ ಅಂಗೈ ಊರಿ ಎದ್ದ ಹಾಗೆ — ಬೋರವ್ವನದೇ ಇರಬೇಕು, ಮೊನ್ನೆ ತಲೆಯ ಮೇಲೆ ಹೊತ್ತು ತಂದು ಇಳಿಸಿದವಳು ಅವಳೇ ತಾನೇ, ಎಂದುಕೊಂಡು ಶಾಂತವ್ವ ಕಣ್ಣು ಹೊರಳಿಸಿದಳು, ಗಡಿಗೆ ನೋಡುತ್ತ ಕೂರುವ ಹೊತ್ತೇ ಇದು, ನಾಳೆ ಮುಧೋಳದಿಂದ ಮಗಳು ಹೀರಾಳ ಮದುವೆಗೆ ಬೀಗರು ಹನ್ನೆರಡು ಗಾಡಿ ಕಟ್ಟಿಕೊಂಡು ಬರುತ್ತಾರೆ, ಹೊತ್ತು ಮುಳುಗುವುದರೊಳಗೆ ಕಡೆಯ ಪಂಕ್ತಿ ಉಂಡು ಎದ್ದಿರಬೇಕು, ದೀಪ ಹಚ್ಚಿಕೊಂಡು ಉಣ್ಣುವ ಮಂದಿಯಲ್ಲ ನಾವು ಜೈನರು, ಹಾಗಾದರೆ ಹೂರಣದ ಬೇಳೆ ಬೆಳಗಿನ ಜಾವಕ್ಕೇ — ಇಲ್ಲ, ಸೂರ್ಯ ಕಂಡ ಮೇಲೆ, ನೀರು ಸೋಸಿದ ಮೇಲೆ, ಸಕ್ಕರೆ ಚೀಟಿಯ ಮೇಲೆ ಸಿಗುವ ಈ ಯುದ್ಧದ ಕಾಲದಲ್ಲಿ ಬೆಲ್ಲವೇ ದೇವರು, ಬೆಲ್ಲ ಇದೆ, ತುಪ್ಪ ಇದೆ, ಹೋಳಿಗೆ, ಹೀರೇಕಾಯಿ ಪಲ್ಲೆ, ಸಂಡಿಗೆ, ಅನ್ನ, ಬೇಳೆ ಬಸಿದ ಕಟ್ಟಿನ ಸಾರು, ಸಾರಿಗೆ ಖಾರ — ಖಾರ, ಅಯ್ಯೋ, ಬೋರವ್ವನಿಗೆ ತಾನು ಹೇಳಿದ್ದೇನು, ಖಾರ ಕುಟ್ಟಿ ತಾ ಬೋರವ್ವಾ, ಒಂದ ಗಡಿಗಿ ಆಗಲಿ, ಅಷ್ಟೇ, ಪ್ರತಿ ವರ್ಷ ತಾನೇ ಕುಟ್ಟುತ್ತಿದ್ದವಳು ಈ ಸಲ ಕೈ ಸಾಲದೆ ಮೆಣಸಿನಕಾಯಿ ಕೊಟ್ಟು ಕಳಿಸಿದಳು, ಖಾರ ಅಂದರೆ ಈ ಮನೆಯಲ್ಲಿ ಮೆಣಸಿನಕಾಯಿ, ಉಪ್ಪು, ಕೊತ್ತಂಬರಿ ಬೀಜ, ಮುಗಿಯಿತು, ನೆಲದೊಳಗೆ ಬೆಳೆದ ಗಡ್ಡೆ ಯಾವುದೂ ಹೊಸ್ತಿಲು ದಾಟುವುದಿಲ್ಲ, ಕುರಿ ಕಾಯುವ ಬೋರವ್ವನ ಮನೆಯಲ್ಲಿ ಖಾರ ಅಂದರೆ ಬಳ್ಳೊಳ್ಳಿ, ಎಣ್ಣೆಯಲ್ಲಿ ಹುರಿದ ಉಳ್ಳಾಗಡ್ಡಿ, ಅವಿಲ್ಲದ್ದನ್ನು ಅವರು ಖಾರ ಎಂದು ಕರೆಯುವುದೇ ಇಲ್ಲ, ಒಂದೇ ಮಾತು, ಎರಡು ಮನೆ, ಬಳ್ಳೊಳ್ಳಿ ಬ್ಯಾಡ ಎಂದು ಬಾಯಿಬಿಟ್ಟು ಹೇಳಬಾರದಿತ್ತೇ, ಎಲ್ಲಿತ್ತು ಬುದ್ಧಿ.

ಹಿಂದೆ ಚಿಮ್ಮಡದಲ್ಲಿ ನಡೆದ ಆ ಮದುವೆ, ಹೀರಾಳ ವರನ ಅಜ್ಜಿ ಅನ್ನವ್ವ — ನಾಳೆ ಮೊದಲ ಗಾಡಿಯಿಂದ ಇಳಿಯುವವಳೂ ಅವಳೇ — ಒಂದು ತುತ್ತು ಬಾಯಿಗಿಟ್ಟು, ಇದರಾಗ ಗಡ್ಡಿ ವಾಸನಿ ಬರತೈತಿ ಎಂದು ಎಲೆ ಬಿಟ್ಟು ಎದ್ದಳು, ಹಿಂದೆಯೇ ಇಡೀ ಪಂಕ್ತಿ ಎದ್ದಿತು, ಆ ಮದುಮಗಳಿಗೆ ಇಂದಿಗೂ ಅತ್ತೆಯ ಮನೆಯಲ್ಲಿ ಗಡ್ಡಿ ಮನಿಯಾಕಿ ಎಂದೇ ಹೆಸರು, ನನ್ನ ಹೀರಾಳಿಗೆ ಆ ಹೆಸರು ಬಿದ್ದರೆ, ಬೇಡ, ಅರಿವೆ ಬಿಚ್ಚಿದಳು, ಬಗ್ಗಿದಳು, ಮೂಸಿದಳು, ಏನೂ ಇಲ್ಲ, ನಾಲ್ಕು ದಿನ ಒಲೆಯ ಹೊಗೆ ಕುಡಿದು ನೆಗಡಿ ಕಟ್ಟಿದ ಮೂಗು, ಅದರ ಮುಂದೆ ಖಾರವೂ ಒಂದೇ ಮಣ್ಣೂ ಒಂದೇ, ಹೀರಾಳನ್ನು ಕರೆಯಲೇ, ಅರಿಶಿನ ಹಚ್ಚಿಕೊಂಡು ಕೂತ ಹುಡುಗಿಯ ಎದೆಗೆ ಬೆಂಕಿ ಇಡಲೇ, ಹೊಸದು ಕುಟ್ಟೋಣವೆಂದರೆ ಮೆಣಸಿನಕಾಯಿ ಹಿಡಿಯಷ್ಟೂ ಉಳಿದಿಲ್ಲ, ಸಪ್ಪನೆ ಸಾರು ಬಡಿಸಿದರೂ ಮಾತೇ, ಅಷ್ಟರಲ್ಲಿ ಹಿತ್ತಲ ಬಾಗಿಲಲ್ಲಿ ಬೆರಣಿಯ ಬುಟ್ಟಿ ಇಳಿದ ಸಪ್ಪಳ, ಅವ್ವಾರ, ಕುಳ್ಳ ಎಲ್ಲಿ ಒಟ್ಟಲಿರಿ, ಬೋರವ್ವ, ಬೋರವ್ವಾ, ಕುಳ್ಳ ಹಾಳಾಗಲಿ, ಖಾರದಾಗ ಏನೇನ ಹಾಕೀಯ ಬೇ, ಖಾರದಾಗ ಖಾರ ಹಾಕೇನಿ, ಮತ್ತೇನ ಬೆಲ್ಲ ಹಾಕಲೇನ್ರಿ, ಬಳ್ಳೊಳ್ಳಿ ಬೇ, ಬಳ್ಳೊಳ್ಳಿ, ಶಾಂತವ್ವ ಗಡಿಗೆಯತ್ತ ಕೈ ತೋರಿಸಿದಳು, ಬೋರವ್ವ ಸೊಂಟಕ್ಕೆ ಕೈಯಿಟ್ಟಳು, ಹದಿನೆಂಟ ವರ್ಷ ಆತ್ರಿ ನಿಮ್ಮ ಹಿತ್ತಲ ತುಳದು, ಅಷ್ಟೂ ತಿಳಿಯಂಗಿಲ್ಲೇನ ನನಗ, ಒರಳ ಮೂರ ಸರ್ತಿ ತೊಳದು ಬಿಸಲಿಗಿ ಒಣಗಿಸಿ ಕುಟ್ಟೇನಿ, ಕೈಯಾಗಿನ ವಾಸನಿ ಹೋಗಲಿ ಅಂತ ಎಂಟ ದಿನ ಮೊದಲss ಉಳ್ಳಾಗಡ್ಡಿ ಮುಟ್ಟೂದು ಬಿಟ್ಟೆ, ನನ್ನ ಗಂಡ ಜಕ್ಕಪ್ಪ, ಲಗ್ನ ಅವರ ಮನ್ಯಾಗೋ ನಮ್ಮ ಮನ್ಯಾಗೋ, ಸಪ್ಪನ ಪಲ್ಲೆ ನುಂಗಿ ನುಂಗಿ ನಾನೂ ಜೈನರಾಂವ ಆಗೇನಿ ಅಂತ ಒದರಾಕತ್ತಾನ, ಖರೆ ಅನಸವಲ್ದೇನು, ತಗೋರಿ, ಮೂಸ ನೋಡ್ರಿ — ಮೂಗಿನ ಮುಂದೆ ಅಂಗೈ, ಗೆರೆಗೆರೆಯಲ್ಲೂ ಇನ್ನೂ ಕೆಂಪು ಕೂತ ಅಂಗೈ, ಮೂಸಿದಳು, ಯಾವ ವಾಸನೆಯೂ ಇಲ್ಲ, ಈ ಮೂಗಿಗೆಲ್ಲಿ ಬರಬೇಕು, ಸೀನು ಬಂತು, ಒಂದಾದ ಮೇಲೆ ಒಂದು ಐದು ಸೀನು, ಕಣ್ಣಲ್ಲಿ ನೀರು, ನಗುವೋ ಅಳುವೋ ಖಾರವೋ, ನಿಮ್ಮ ಬೀಗತಿ ಹಿಂಗ ಸೀನಿದರ ನನ್ನ ಬೈಬ್ಯಾಡ್ರಿ ಮತ್ತ, ಹೋಗ, ಕುಳ್ಳ ಒಟ್ಟ ಹೋಗ ಬೇ, ನಾಳೆ ಜಕ್ಕಪ್ಪಗ ಹೋಳಿಗಿ ಕಟ್ಟಿಕೊಂಡ ಹೋಗ, ಎದೆಯಿಂದ ಬೀಸುವ ಕಲ್ಲು ಇಳಿಸಿದ ಹಾಗೆ ಗೋಡೆಗೆ ಒರಗಿದಳು, ಅರಿವೆಯನ್ನು ಮತ್ತೆ ಕಟ್ಟಿದ್ದಾಗಿದೆ, ಎಲ್ಲಿಗೆ ಬಂದಿದ್ದೆ, ಬೇಳೆ ಸೂರ್ಯ ಕಂಡ ಮೇಲೆ, ಸೋಸಿದ ನೀರು, ಬೆಲ್ಲ, ಹೀರೇಕಾಯಿ, ಸಾರಿಗೆ ಖಾರ, ಎಂಟು ದಿನ ಉಳ್ಳಾಗಡ್ಡಿ ಮುಟ್ಟದ ಕೈ, ತಾನು ಹೇಳದೆಯೇ, ಸಾರಿಗೆ ಖಾರ, ಖಾರ — ಬಿಳಿ ಅರಿವೆಯ ಮೇಲೆ ಐದು ಬೆರಳು, ಕೆಂಪಗೆ.