ಅಜ್ಜನ ಹಲ್ಲಿನ ಸಂದಿ

ಅಜ್ಜ ಹೊಸ ಹಲ್ಲುಸೆಟ್ಟು ಹಾಕಿಕೊಂಡು ಮಾಳಿಗೆ ಹತ್ತಿ ಸಿಳ್ಳೆ ಹಾಕಿದರು. ಬರೀ ಗಾಳಿ ಬಂತು. ಅವರ ಪಾರಿವಾಳಗಳು ಮೇಲೆಯೇ ಒಂದು ಸುತ್ತು ಹೊಡೆದು, ಎದುರು ಮನೆಯ ದರ್ಜಿ ತನ್ನ ಸ್ಟೀಲ್ ಪೀಪಿ ಊದಿದ್ದೇ ತಡ, ಅವನ ಮಾಳಿಗೆಯ ಮೇಲೆ ಇಳಿದವು.

“ಅಜ್ಜಾರೇ, ನಿಮ್ಮೋರೆಲ್ಲ ಊಟಕ್ಕೆ ನಮ್ಮನೆಗೇ ಬಂದಿದಾರೆ!” ಎಂದು ದರ್ಜಿ ಕಾಳು ಚೆಲ್ಲುತ್ತ ಕೂಗಿದ.

ಹಕ್ಕಿ ಯಾರ ಗೂಡಿನಲ್ಲಿ ರಾತ್ರಿ ಕಳೆಯುತ್ತದೋ ಅದು ಅವರದೇ ಎಂದು ನಮ್ಮ ಬೀದಿಯ ಪಾರಿವಾಳದವರು ಮಾತಾಡಿಕೊಂಡಿದ್ದಾರೆ. ಅಂದು ಕತ್ತಲಾಗುವ ಮುಂಚೆ ಹಕ್ಕಿಗಳು ಹೇಗೋ ಮನೆ ಸೇರಿದವು. ತಪ್ಪು ಮಾತ್ರ ನನ್ನ ತಲೆಗೆ ಬಂತು, ಏಕೆಂದರೆ ಹಲ್ಲು ಮಾಡಿದವಳು ನಾನು.

ನನ್ನ ಕೆಲಸ ಹಲ್ಲುಸೆಟ್ಟು ಮಾಡುವ ಅಂಗಡಿಯಲ್ಲಿ, ಕಂಪ್ಯೂಟರ್ ಮುಂದೆ. ಬಾಯಿಯ ಅಚ್ಚನ್ನು ಸ್ಕ್ಯಾನ್ ಮಾಡಿದಾಗ ಪರದೆಯ ಮೇಲೆ ಮೂಡುವುದು ನಿಜವಾಗಿ ಹಲ್ಲಲ್ಲ. ಅದು ಸಾವಿರಾರು ಪುಟ್ಟ ತ್ರಿಕೋನಗಳನ್ನು ಅಂಚಿಗೆ ಅಂಚು ಸೇರಿಸಿ ಹೊಲಿದ ಬಲೆ. ಅದನ್ನು ಮೆಶ್ ಅನ್ನುತ್ತೇವೆ. ಮೂಲೆಗಳನ್ನು ಎಳೆದು, ಬೇಡದ ತ್ರಿಕೋನಗಳನ್ನು ಅಳಿಸಿ, ತೂತುಗಳನ್ನು ಮುಚ್ಚಿ, ಒರಟಾದದ್ದನ್ನು ನಯಮಾಡಿ ನಾನು ಪ್ರಿಂಟರ್‌ಗೆ ಕಳಿಸುತ್ತೇನೆ.

ಅಜ್ಜನ ಹಳೆಯ ಹಲ್ಲು ಕೀಳುವ ಮುಂಚೆ ತೆಗೆದಿಟ್ಟ ಅಚ್ಚಿನಲ್ಲಿ ಮುಂದಿನ ಎರಡು ಹಲ್ಲುಗಳ ನಡುವೆ ಸಂದಿ ಇತ್ತು. ಅಂಗಡಿಯ ಯಜಮಾನರು ಅದನ್ನು ಪರದೆಯಲ್ಲಿ ಕಂಡು ಹೌಹಾರಿದ್ದರು. “ಏನಮ್ಮಾ ಇದು? ನಮ್ಮಂಗಡಿ ಹಲ್ಲಲ್ಲಿ ಸಂದಿಯೇ? ಮುಚ್ಚು ಅದನ್ನ!”

ನಾನು ಮುಚ್ಚಿದ್ದೆ. ಅಜ್ಜನ ಸಿಳ್ಳೆ ಹೊರಡುತ್ತಿದ್ದುದೇ ಆ ಸಂದಿಯಿಂದ.

ಈಗ ಅಜ್ಜನೇ ಅಂಗಡಿಗೆ ಬಂದರು. “ಸ್ವಾಮಿ, ಈ ಹಲ್ಲಲ್ಲಿ ನಾನು ಮದುಮಗನ ಹಾಗೆ ಕಾಣ್ತೀನಿ, ಒಪ್ಪಿದೆ. ಆದ್ರೆ ನನ್ನ ಪಾರಿವಾಳಗಳಿಗೆ ಮದುಮಗ ಬೇಕಾಗಿಲ್ಲ.”

ಯಜಮಾನರು ಬಹಳ ಹೊತ್ತು ಗಡ್ಡ ಕೆರೆದುಕೊಂಡರು. “ಆಯ್ತು. ಆದ್ರೆ ಎಲ್ಲಿ ಮಾಡಿಸಿದ್ದು ಅಂತ ಯಾರಿಗೂ ಹೇಳ್ಬೇಡಿ.”

ಎರಡನೇ ಸೆಟ್ಟಿನಲ್ಲಿ ಸಂದಿಯನ್ನು ಅಳತೆ ತಪ್ಪದಂತೆ ಇಟ್ಟೆ. ಸಿಳ್ಳೆಯೇನೋ ಬಂತು. ಹಕ್ಕಿಗಳು ಅರ್ಧ ಇಳಿದು, ಅನುಮಾನಪಟ್ಟು, ಮತ್ತೆ ಮೇಲಕ್ಕೇರಿದವು. ಕೊನೆಗೆ ಎಲ್ಲವೂ ಬಂದವು, ಅಜ್ಜ ಸೇನಾಪತಿ ಎಂದು ಕರೆಯುವ ಬೂದು ಹಕ್ಕಿಯೊಂದನ್ನು ಬಿಟ್ಟು. ಅದು ದರ್ಜಿಯ ಗೂಡಿನಲ್ಲೇ ಮಲಗಿತು.

“ಮಾತು ಅಂದ್ರೆ ಮಾತು,” ಎಂದ ದರ್ಜಿ ಬೆಳಿಗ್ಗೆ. ಆಮೇಲೆ ಅಜ್ಜನ ಮುಖ ನೋಡಿ ಅವನಿಗೇ ಪಾಪ ಅನ್ನಿಸಿತು. “ಹೋಗ್ಲಿ, ಇವತ್ತು ಸಂಜೆ ಕರೀರಿ. ಬಂದ್ರೆ ನಿಮ್ದು, ಬರ್ಲಿಲ್ಲಾಂದ್ರೆ ನಂದು.”

ಅಜ್ಜ ತಿಂಡಿ ಮುಟ್ಟಲಿಲ್ಲ. “ಸಿಳ್ಳೆ ಬರುತ್ತೆ ಪುಟ್ಟಿ, ಆದ್ರೆ ನಂದಲ್ಲ. ಯಾರೋ ಇಸ್ತ್ರಿ ಮಾಡಿಕೊಟ್ಟ ಹಾಗಿದೆ.”

ಇಸ್ತ್ರಿ! ಆ ಮಾತು ದಾರಿಯುದ್ದಕ್ಕೂ ನನ್ನನ್ನು ಚುಚ್ಚಿತು. ಅಂಗಡಿಗೆ ಹೋದವಳೇ ಮೂಲ ಸ್ಕ್ಯಾನ್‌ನ ಮೇಲೆ ನಾನು ತಿದ್ದಿದ ಮೆಶ್ಶನ್ನು ಇಟ್ಟು, ವ್ಯತ್ಯಾಸವಿರುವಲ್ಲಿ ಕೆಂಪು ಕಾಣುವಂತೆ ಮಾಡಿದೆ. ಸಂದಿಯ ಎಡಗಡೆಯ ಹಲ್ಲಿನ ಒಳ ಅಂಚಿನಲ್ಲಿ ಎಳ್ಳುಕಾಳಿನಷ್ಟು ಕೆಂಪು. ಅಲ್ಲೊಂದು ಸಣ್ಣ ಕಚ್ಚು ಇತ್ತು. ಅಚ್ಚಿನ ಮೇಲಿನ ಧೂಳಿರಬೇಕೆಂದು ಕೆಲಸದ ಮೊದಲಿಗೇ ನಯಮಾಡಿಬಿಟ್ಟಿದ್ದೆ.

ಮನೆಗೆ ಫೋನ್ ಮಾಡಿದೆ. ಅಜ್ಜಿ ಎತ್ತಿಕೊಂಡರು.

“ಆ ಕಚ್ಚಾ? ಮದುವೆಯಾದ ಹೊಸದ್ರಲ್ಲಿ ನನ್ನೆದುರು ಬಾಟ್ಲಿ ಮುಚ್ಚಳ ಹಲ್ಲಲ್ಲಿ ತೆಗೀತೀನಿ ಅಂತ ಹೋಗಿದ್ರು. ಮುಚ್ಚಳ ಅಲ್ಲೇ ಇತ್ತು, ಹಲ್ಲು ಚೂರು ಬಂತು.”

“ಯಾಕೆ, ಮುಚ್ಚಳನೂ ಬಂದಿತ್ತು!” ಹಿಂದಿನಿಂದ ಅಜ್ಜ ಕೂಗಿದ್ದು ಕೇಳಿಸಿತು.

“ಬಂದಿರ್ಲಿಲ್ಲ ರೀ. ನಾನೇ ತೆಗೆದಿದ್ದು.”

ನಯಮಾಡಿದ ತ್ರಿಕೋನಗಳನ್ನು ಅಳಿಸಿ, ಮೂಲದ ತುಣುಕನ್ನು ತಂದು ಆ ಜಾಗಕ್ಕೆ ಕೂರಿಸಿ, ಎಲ್ಲೂ ಬಿರುಕು ಉಳಿಯದಂತೆ ಅಂಚಿನ ಬಿಂದುಗಳನ್ನು ಒಂದೊಂದಾಗಿ ಹೊಲಿದೆ. ಅವಸರದಲ್ಲಿ ಪ್ರಿಂಟ್ ಕೊಟ್ಟು, ಉಜ್ಜಿ ಹೊಳಪು ಮಾಡಿ, ಸಂಜೆಗೆ ಮಾಳಿಗೆ ಹತ್ತಿದೆ.

ಎದುರು ಮಾಳಿಗೆಯಲ್ಲಿ ದರ್ಜಿ ಕೈಕಟ್ಟಿ ನಿಂತಿದ್ದ. ಅಜ್ಜ ಹಲ್ಲು ಹಾಕಿಕೊಂಡು, ನಾಲಗೆಯಿಂದ ಸವರಿ ನೋಡಿ, ಸಿಳ್ಳೆ ಹಾಕಿದರು. ಹಳೆಯ ಸಿಳ್ಳೆಯೇ. ಆದರೆ ಅದರ ಬೆನ್ನಿಗೆ ಇನ್ನೊಂದು ಸಣ್ಣ ಸ್ವರ ಅಂಟಿಕೊಂಡು ಬಂದ ಹಾಗಿತ್ತು.

ಸೇನಾಪತಿ ರೆಕ್ಕೆ ಮಡಚಿ ನೆಟ್ಟಗೆ ಇಳಿದು ಅಜ್ಜನ ಹೆಗಲ ಮೇಲೆ ಕೂತಿತು. ಅಜ್ಜನ ಕಣ್ಣು ಒದ್ದೆಯಾದವು. ಅದರ ಹಿಂದೆ ಉಳಿದ ಹಕ್ಕಿಗಳು ಬಂದವು. ಅವುಗಳ ಹಿಂದೆ ದರ್ಜಿಯ ಹಕ್ಕಿಗಳೂ ಬಂದವು. ಎಲ್ಲವೂ.

ದರ್ಜಿ ಪೀಪಿ ಊದಿದ, ಕೆನ್ನೆ ಕೆಂಪಾಗುವವರೆಗೆ ಊದಿದ. ಒಂದೂ ತಿರುಗಿ ನೋಡಲಿಲ್ಲ.

“ಎಲ್ಲಿ, ಬಾಯಿ ತೆಗೀರಿ,” ಎಂದು ಅಜ್ಜನ ಹಲ್ಲು ನೋಡಿದೆ. ಕಚ್ಚು ಎಡಗಡೆಯೂ ಇತ್ತು, ಬಲಗಡೆಯೂ ಇತ್ತು. ನಮ್ಮ ಸಾಫ್ಟ್‌ವೇರ್‌ನಲ್ಲಿ ಕನ್ನಡಿ ಎಂಬ ಸೌಲಭ್ಯವಿದೆ, ಒಂದು ಬದಿಯಲ್ಲಿ ಮಾಡಿದ್ದು ಇನ್ನೊಂದು ಬದಿಯಲ್ಲೂ ತಾನಾಗಿ ಆಗುತ್ತದೆ. ಹಲ್ಲಿನ ಕೆಲಸಕ್ಕೆ ಬೇಕೇ ಬೇಕು, ಹಾಗಾಗಿ ಯಾವಾಗಲೂ ಹಾಕಿಟ್ಟಿರುತ್ತೇನೆ. ಇವತ್ತು ತೆಗೆಯಲು ಮರೆತಿದ್ದೆ. ಎರಡನೇ ಕಚ್ಚು ದರ್ಜಿಯ ಪೀಪಿಯ ಸ್ವರವನ್ನೇ ಹೊರಡಿಸುತ್ತಿತ್ತು.

“ತೆಗೆದು ಸರಿಮಾಡ್ಲಾ ಅಜ್ಜಾ?”

“ಮುಟ್ಟಿದ್ರೆ ನೋಡು,” ಎಂದರು ಅಜ್ಜ. ಆಮೇಲೆ ಎದುರು ಮಾಳಿಗೆಗೆ ಕೇಳುವಂತೆ ಕೂಗಿದರು: “ಗಾಬರಿಯಾಗ್ಬೇಡಪ್ಪಾ, ಊಟ ಹಾಕಿ ಕಳಿಸ್ತೀನಿ!”

ಕತ್ತಲಾಗುವ ಮುಂಚೆ ಅವನ ಹಕ್ಕಿಗಳನ್ನೆಲ್ಲ ಅಟ್ಟಿ ಕಳಿಸಿದರು. ಸೇನಾಪತಿ ನಮ್ಮ ಗೂಡಿನಲ್ಲಿ ಮಲಗಿತು.

ಮರುದಿನ ನಾನು ಅಂಗಡಿಗೆ ಹೋಗುವಷ್ಟರಲ್ಲಿ ದರ್ಜಿ ಯಜಮಾನರ ಮುಂದೆ ಕೂತಿದ್ದ. ಹಲ್ಲು ಎಲ್ಲಿ ಮಾಡಿಸಿದ್ದೆಂದು ಅಜ್ಜ ಬಾಯಿಬಿಟ್ಟಿದ್ದರೆಂದು ಕಾಣುತ್ತದೆ.

“ನಂಗೂ ಅಂಥದ್ದೇ ಹಲ್ಲು ಬೇಕು.”

“ನಿಮ್ಮ ಹಲ್ಲೆಲ್ಲ ಗಟ್ಟಿಯಾಗೇ ಇದೆಯಲ್ರೀ!”

“ಅದೇ ನೋಡಿ ತೊಂದ್ರೆ.”

ಯಜಮಾನರು ನನ್ನ ಕಡೆ ನೋಡಿದರು, ಅವನ ಬಾಯಿಯನ್ನು ನೋಡಿದರು, ಗಡ್ಡ ಕೆರೆದುಕೊಂಡರು. ಆಮೇಲೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ದನಿ ತಗ್ಗಿಸಿ ಕೇಳಿದರು:

“ಸಂದಿ ಎಷ್ಟಗಲ ಇರ್ಲಿ?”